ಹ್ಯಾಂಡಲಿಗೆ ಅಂಟಿಸಿದ ಸೂರ್ಯಾಸ್ತ

ಸಾಂಗಲಿ ಜಿಲ್ಲೆಯ ಮಾಲಗಾಂವದ ಬಾಪೂಸಾಹೇಬನಿಗೆ ಐವತ್ತೆರಡು ವರ್ಷ. ದ್ರಾಕ್ಷಿ ಬೆಳೆದು ಒಣಗಿಸಿ ಬೇದಾಣೆ ಮಾಡುವುದು ಅವನ ಕಸುಬು, ಸೈಕಲ್ ಅವನ ಹುಚ್ಚು. ಸುತ್ತಲಿನ ಜಿಲ್ಲೆಗಳನ್ನೆಲ್ಲ ತುಳಿದು ಮುಗಿಸಿದ ಮೇಲೆ ಅವನ ಕಣ್ಣು ಮಂಗೋಲಿಯಾದ ಮೇಲೆ ಬಿತ್ತು. ಡೇರೆ, ಒಲೆ, ದವಸ, ಬೇದಾಣೆ ಎಲ್ಲವನ್ನೂ ಸೈಕಲ್ಲಿಗೇ ಕಟ್ಟಿಕೊಂಡು ಕುರಿಗಾಹಿಗಳ ಬಯಲಿನಲ್ಲಿ ಹತ್ತು ದಿನ, ಆರುನೂರು ಕಿಲೋಮೀಟರ್. ಎಲ್ಲಿಯೂ ಗಾಡಿ ಹತ್ತಬಾರದು ಎಂಬುದು ಅವನೇ ಹಾಕಿಕೊಂಡ ಶರತ್ತು.

ತಾಯಿ ಇಂದುಬಾಯಿ ಇನ್ನೆರಡು ಶರತ್ತು ಸೇರಿಸಿದಳು. "ಹೋಗಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ಮಾಂಸಾ ಮುಟ್ಟಬ್ಯಾಡ. ಹೊತ್ತ ಮುಳಗಿದ ಮ್ಯಾಲೆ ಬಾಯಾಗ ಏನೂ ಹಾಕಬ್ಯಾಡ. ಆಣಿ ಮಾಡು."

ಜೈನರ ಮನೆ, ಆಣೆ ಹೊಸದಲ್ಲ. ಆದರೆ ಮಳೆಗಾಲದಲ್ಲಿ ಮೋಡ ಕವಿದು ಸೂರ್ಯ ಮುಳುಗಿದ್ದೇ ತಿಳಿಯುವುದಿಲ್ಲವಲ್ಲ, ಅದಕ್ಕೆ ಬಸದಿಯವರು ಅಚ್ಚು ಹಾಕಿಸಿದ ಸೂರ್ಯಾಸ್ತದ ಪಟ್ಟಿ ಅಡುಗೆಮನೆಯ ಗೋಡೆಯ ಮೇಲೇ ಇರುತ್ತದೆ. ಹೆಂಡತಿ ತ್ರಿಶಲಾ ಅದರಲ್ಲಿ ಜೂನ್ ತಿಂಗಳಿನದನ್ನು ಕತ್ತರಿಸಿ ಸೈಕಲ್ಲಿನ ಹ್ಯಾಂಡಲಿಗೆ ಟೇಪು ಹಚ್ಚಿ ಅಂಟಿಸಿದಳು.

ಮಂಗೋಲಿಯಾದಲ್ಲಿ ಇಳಿದೊಡನೆ ಬಾಪೂಸಾಹೇಬ ಗಡಿಯಾರವನ್ನು ಎರಡೂವರೆ ತಾಸು ಮುಂದೆ ತಿರುಗಿಸಿದ. ಮಹಾ ಜಾಣ! ಪಟ್ಟಿ ಮಾತ್ರ ಸಾಂಗಲಿಯದೇ ಉಳಿಯಿತು. ಎದುರುಗಾಳಿಯಲ್ಲಿ ದಿನದ ಪಾಲು ತುಳಿದು, ನೀರು ಹುಡುಕಿ, ಡೇರೆ ಹೊಡೆಯುವಷ್ಟರಲ್ಲಿ ದಿನವೂ ಏಳೂವರೆ ಆಗುತ್ತಿತ್ತು. ಪಟ್ಟಿ ಏಳು ಹತ್ತು ಅನ್ನುತ್ತಿತ್ತು. ಬೇಸಿಗೆಯಲ್ಲಿ ತಡವಾಗಿ ಮುಳುಗುವ ಆ ಬಡಗಣದ ಸೂರ್ಯ ಕಣ್ಣೆದುರೇ ಫಳಫಳ ಹೊಳೆಯುತ್ತಿದ್ದರೂ ಈ ಮಹಾರಾಯ ರೊಟ್ಟಿಯ ಗಂಟನ್ನು ಮತ್ತೆ ಕಟ್ಟಿ, ಕೈಮುಗಿದು, ಬರಿಹೊಟ್ಟೆಯಲ್ಲಿ ಮಲಗುತ್ತಿದ್ದ. ಹುಟ್ಟಿದಾಗಿನಿಂದ ಆಕಾಶಕ್ಕಿಂತ ಗೋಡೆಯ ಕಾಗದವನ್ನೇ ನಂಬಿದವನು ಅವನು.

ಐದನೆಯ ದಿನ ಸಂಜೆ ಒಂದು ಏರಿನಲ್ಲಿ ತುಳಿಯಲಾಗದೆ ಸೈಕಲ್ಲಿನಿಂದ ಇಳಿದ. ಹಾದುಹೋಗುತ್ತಿದ್ದ ಜೀಪಿನವನೊಬ್ಬ ನಿಲ್ಲಿಸಿ, ಸೈಕಲ್ಲನ್ನು ಮೇಲೆ ಹಾಕು ಎಂದು ಸನ್ನೆ ಮಾಡಿದ. ಬಾಪೂಸಾಹೇಬನಿಗೆ ಅಳು ಬಂದಂತಾಯಿತು. ತಲೆಯಾಡಿಸಿ ಬೇಡವೆಂದ. ನಾಳೆಯೂ ಬೇಡ ಅನ್ನುವ ಶಕ್ತಿ ಮೈಯಲ್ಲಿ ಉಳಿದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಏರಿನಾಚೆ ಒಂದು ಬಿಳಿಯ ದುಂಡು ಡೇರೆ. ಅಲ್ಲಿನ ಹೆಂಗಸು ಅವನ ಮುಖ ನೋಡಿದವಳೇ ಒಳಗೆ ಕೂರಿಸಿ, ಬಿಸಿ ಹಾಲು, ದಪ್ಪ ಕೆನೆ ತಂದಿಟ್ಟಳು. ಗಡಿಯಾರದಲ್ಲಿ ಎಂಟು. ಬಾಪೂಸಾಹೇಬ ಕೈಮುಗಿದ. ಗಡಿಯಾರ ತೋರಿಸಿದ, ಅಂಗೈಯನ್ನು ಕೆಳಗಿಳಿಸಿ ಸೂರ್ಯ ಮುಳುಗಿದ್ದನ್ನು ಅಭಿನಯಿಸಿದ, ಬಾಯಿಗೆ ಬೆರಳಿಟ್ಟು ಇಲ್ಲ ಎಂದ.

ಆಕೆ ಆ ಅಭಿನಯವನ್ನು ಎರಡು ಸಲ ನೋಡಿದಳು. ಆಮೇಲೆ ಅವನ ಮಣಿಕಟ್ಟು ಹಿಡಿದು ದರದರ ಹೊರಗೆ ಎಳೆದು ತಂದು, ಅವನ ಗದ್ದ ಹಿಡಿದು ಪಡುವಣಕ್ಕೆ ತಿರುಗಿಸಿದಳು. ಸೂರ್ಯ ಇನ್ನೂ ಮಾರುದ್ದ ಮೇಲಿದ್ದ. ತನ್ನ ನೆರಳು ಹುಲ್ಲಿನ ಮೇಲೆ ಉದ್ದಕ್ಕೆ ಬಿದ್ದಿರುವುದನ್ನು ಬಾಪೂಸಾಹೇಬ ನೋಡಿದ. ಹ್ಯಾಂಡಲಿನ ಕಾಗದ ನೋಡಿದ. ನಾಚಿಕೆಯಿಂದ ಶುರುವಾದ ನಗು ನಿಲ್ಲಲೇ ಇಲ್ಲ. ಮೂರು ಬಟ್ಟಲು ಹಾಲು ಕುಡಿದ. ಹೊರಡುವಾಗ ಉಳಿದ ಬೇದಾಣೆಯನ್ನೆಲ್ಲ ಆಕೆಯ ಮಡಿಲಿಗೆ ಸುರಿದ. ಹತ್ತನೆಯ ದಿನ, ಯಾವ ಗಾಡಿಯನ್ನೂ ಹತ್ತದೆ, ಕೊನೆಯ ಊರು ಮುಟ್ಟಿದ.

ಮಾಲಗಾಂವಕ್ಕೆ ಬಂದು ಇದನ್ನೆಲ್ಲ ಹೇಳಿದಾಗ ಇಂದುಬಾಯಿ ಹಣೆ ಬಡಿದುಕೊಂಡಳು.

"ಅಯ್ಯ ಹುಚ್ಚ ಖುಳಾ! ನಾ ಸೂರ್ಯಾನ ಮ್ಯಾಲೆ ಆಣಿ ಹಾಕಿದ್ದೆ, ಕಾಗದದ ಮ್ಯಾಲೆ ಅಲ್ಲ. ನಾಕ ದಿನಾ ಉಪಾಸ ಮಲಗಿದ್ಯಾ?" ಬೈಯುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಆ ಹೆಣ್ಮಗಳು ಪುಣ್ಯಾದಾಕಿ. ನನ್ನ ಮಗನ್ನ ಉಣಿಸಿದಳು."

ಹೊರಗೆ ಜುಲೈ ತಿಂಗಳ ಮೋಡ ಕವಿದು ಕತ್ತಲಾಗಿತ್ತು. ತ್ರಿಶಲಾ ತಟ್ಟೆ ಹಿಡಿದು ಅನುಮಾನಿಸುತ್ತ ನಿಂತಳು. ಮುದುಕಿ ಬಾಗಿಲಿಗೆ ಹೋಗಿ ಆಕಾಶ ನೋಡಿದಳು, ಏನೂ ಕಾಣಲಿಲ್ಲ. ಒಳಗೆ ಬಂದು ಗೋಡೆಯ ಪಟ್ಟಿಯ ಮೇಲೆ ಬೆರಳಾಡಿಸಿದಳು.

"ಇನ್ನಾ ಹನ್ನೆರಡ ಮಿನಿಟ ಅದಾವ," ಎಂದಳು. "ಇದು ನಮ್ಮೂರ ಕಾಗದಾ. ಕುಂದರು, ಹೊಟ್ಟಿ ತುಂಬ ಉಣ್ಣು."