ಟ್ರೆಡ್‌ಮಿಲ್ಲಿಗೂ ಕುಂಕುಮ

ಕುವೆಂಪುನಗರದ ಅಕ್ಕನ ಮನೆಯಲ್ಲಿ ಬೀದಿಗೆ ಮುಖ ಮಾಡಿದ ಒಂದು ಕೋಣೆ ಇದೆ. ಅದು ಅಕ್ಕನ ವೀಣೆ ಪಾಠಕ್ಕೆ ಎಂದು ಮನೆ ಕಟ್ಟುವಾಗಲೇ ಮಾತಾಗಿತ್ತು. ಮಾತು ಹಾಗೆಯೇ ಉಳಿಯಿತು. ಕೋಣೆಯನ್ನು ಭಾವನ ಆರೋಗ್ಯ ಆಕ್ರಮಿಸಿಕೊಂಡಿತು.

ಭಾವನಿಗೆ ಆಟದ ಹುಚ್ಚು ಜ್ವರದಂತೆ ಬರುತ್ತದೆ, ಜ್ವರದಂತೆಯೇ ಬಿಡುತ್ತದೆ. ಟಿ.ವಿ.ಯಲ್ಲಿ ಯಾರಾದರೂ ಷಟಲ್‌ನಲ್ಲಿ ಪದಕ ಗೆದ್ದರೆ ಮರುದಿನವೇ ಮನೆಗೆ ರ‍್ಯಾಕೆಟ್, ಬೂಟು, ಬೆವರು ಒರೆಸಿಕೊಳ್ಳುವ ಪಟ್ಟಿ ಬರುತ್ತವೆ. ಬೆವರು ಬರುವುದಿಲ್ಲ. ಕಚೇರಿಯ ಗೆಳೆಯರೊಬ್ಬರು ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿದರೆಂದು ಕೇಳಿ ಗೇರ್ ಸೈಕಲ್ ತಂದರು. ಅದರಲ್ಲಿ ಹತ್ತಿರದ ಬೋಗಾದಿಯವರೆಗೆ ಹೋಗಿ, ಸೈಕಲ್ ಸಮೇತ ಗೂಡ್ಸ್ ಆಟೊದಲ್ಲಿ ಮರಳಿದರು. ಆಮೇಲೆ ಬಂದದ್ದು ಟ್ರೆಡ್‌ಮಿಲ್. ಅದರ ಮೇಲೆ ಟವೆಲ್ ಒಣಗುವುದನ್ನು ನೋಡಿದ್ದೇನೆ. ಮನುಷ್ಯ ಓಡುವುದನ್ನು ನೋಡಿರಲಿಲ್ಲ. ಪ್ರತಿ ಖರೀದಿಗೂ ಜೊತೆಯಾಗಿ ಒಂದು ಪಥ್ಯ. ಓಟ್ಸ್ ಡಬ್ಬಿ ಖಾಲಿಯಾಗುವ ಮೊದಲೇ ಮಸಾಲೆ ದೋಸೆಗೆ ವಾಪಸು.

ಕಳೆದ ದಸರೆಗೆ ಅಕ್ಕ ಪಟ್ಟು ಹಿಡಿದಳು. ರಾಮಕೃಷ್ಣನಗರದ ಕೆಲವು ತಾಯಂದಿರು ವಿಜಯದಶಮಿಯಂದು ಮಕ್ಕಳ ಪಾಠ ಶುರುಮಾಡಿಸಲು ಒಪ್ಪಿದ್ದರು. ಆ ದಿನ ತಪ್ಪಿದರೆ ಬೇರೆ ಕಡೆ ಸೇರಿಸುವುದಾಗಿಯೂ ಹೇಳಿದ್ದರು. "ಹಬ್ಬಕ್ಕೆ ಮುಂಚೆ ಖಾಲಿ ಮಾಡ್ಬುಡ್ತೀನಿ" ಎಂದು ಭಾವ ಮಾತು ಕೊಟ್ಟರು.

ಆಯುಧಪೂಜೆಗೆ ನಮ್ಮ ಪತ್ರಿಕಾ ಕಚೇರಿಗೆ ರಜೆ. ನಾನು ಹೋದಾಗ ಕೋಣೆ ಖಾಲಿಯಾಗಿರಲಿಲ್ಲ, ಅಲಂಕಾರಗೊಂಡಿತ್ತು. ಟ್ರೆಡ್‌ಮಿಲ್ಲಿಗೆ ಚೆಂಡುಹೂವಿನ ಹಾರ, ಸೈಕಲ್ಲಿಗೆ ಬಾಳೆಕಂದು, ಬೆಲೆಚೀಟಿ ಕೀಳದ ಡಂಬೆಲ್ಲಿಗೆ ವಿಭೂತಿ, ಈಜುವ ಕನ್ನಡಕಕ್ಕೂ ಕುಂಕುಮ. ಪಂಚೆಯುಟ್ಟ ಭಾವ ಗಂಟೆ ಆಡಿಸುತ್ತಿದ್ದರು.

"ಏನ್ರೀ ಇದು?" ಎಂದಳು ಅಕ್ಕ.

"ಆಯುಧ ಕಣೇ. ಪೂಜೆಗಿಟ್ಟಿದ್ದನ್ನ ಕದಲಿಸ್ಬಾರ್ದು. ನಿಮ್ಮಪ್ಪನೇ ಹೇಳ್ತಿದ್ರಲ್ಲ."

"ಯಾರ ಮೇಲೆ ಯುದ್ಧ?"

"ಶುಗರ್ ಮೇಲೆ."

"ಇಲ್ಲೀವರೆಗೂ ಅದೇ ಗೆದ್ದಿರೋದು."

ಭಾವ ನನ್ನತ್ತ ತಿರುಗಿದರು. "ನೀನೇ ಹೇಳಪ್ಪ, ಶಾಸ್ತ್ರ ಹೌದೋ ಅಲ್ವೋ?"

ಹೌದು ಎಂದೆ. ಅದು ನಿಜವಾಗಿತ್ತು. ಅಕ್ಕ ನನ್ನನ್ನು ಒಮ್ಮೆ ನೋಡಿ, ಮೆಟ್ಟಿಲ ಕೆಳಗೆ ಬಟ್ಟೆ ಸುತ್ತಿಟ್ಟಿದ್ದ ವೀಣೆಯನ್ನು ತಂದು ಟ್ರೆಡ್‌ಮಿಲ್ಲಿನ ಪಕ್ಕದಲ್ಲಿ ಇಟ್ಟಳು. ಅದಕ್ಕೂ ಕುಂಕುಮವಿಟ್ಟು ಅಡುಗೆಮನೆಗೆ ಹೋದಳು.

ಮರುದಿನ ಬೆಳಿಗ್ಗೆ ತಾಯಂದಿರು ಮಕ್ಕಳೊಂದಿಗೆ ಬಂದು ಬಾಗಿಲಲ್ಲಿ ನಿಂತರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅಕ್ಕ ಮಂಗಳಾರತಿ ಮಾಡಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಪೂಜೆ ಮಾಡಿದ್ದನ್ನ ಇವತ್ತು ಕೈಗೆತ್ಕೊಂಡು ಬಳಸ್ಬೇಕು ಕಣ್ರೀ. ಅದನ್ನೂ ನಮ್ಮಪ್ಪನೇ ಹೇಳ್ತಿದ್ರು. ಒಂದನ್ನೂ ಬಿಡೋ ಹಾಗಿಲ್ಲ."

ಭಾವ ನನ್ನತ್ತ ನೋಡಿದರು. ಅದೂ ನಿಜವೇ ಎಂದೆ.

ಅಷ್ಟು ಜನರ ಮುಂದೆ ಭಾವ ಹಿಂಜರಿಯುವಂತಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಸೈಕಲ್ಲಿನಲ್ಲಿ ರಸ್ತೆಯ ಕೊನೆಯವರೆಗೆ ಹೋಗಿ, ಅದನ್ನು ತಳ್ಳಿಕೊಂಡು ಬಂದರು. ಈಜುವ ಕನ್ನಡಕ ಹಾಕಿಕೊಂಡು ತೆಗೆದರು. ಡಂಬೆಲ್ ಎತ್ತಿ, ಇಳಿಸುವಾಗ ಅಮ್ಮಾ ಎಂದರು. ಕೊನೆಗೆ ಟ್ರೆಡ್‌ಮಿಲ್ ಹತ್ತಿದರು.

"ಅಂಕಲ್ ಎಲ್ಲಿಗೆ ಹೋಗ್ತಿದಾರೆ?" ಎಂದು ಒಂದು ಹುಡುಗಿ ಕೇಳಿತು.

"ಎಲ್ಲಿಗೂ ಇಲ್ಲ ಮರಿ. ಅದಕ್ಕೇ ಇಷ್ಟು ಜಾಗ ಬೇಕಾಗಿರೋದು" ಎಂದಳು ಅಕ್ಕ.

ಭಾವ ಇಳಿದು ಗೋಡೆ ಹಿಡಿದುಕೊಂಡರು. "ಸಾಕು ಕಣೇ. ಎಲ್ಲಾನೂ ಹೊರಗೆ ಹಾಕ್ಬುಡಿ."

ತಾಯಂದಿರೂ ಕೈ ಹಾಕಿದರು. ಹಾರದ ಸಮೇತ ಟ್ರೆಡ್‌ಮಿಲ್ ಪೋರ್ಟಿಕೊಗೆ ಹೋಯಿತು. ಚಾಪೆ ಹಾಸಿ ಮಕ್ಕಳನ್ನು ಕೂರಿಸಿ, ಅಕ್ಕ ವೀಣೆಯನ್ನು ತೊಡೆಗೇರಿಸಿಕೊಂಡಳು.

ಭಾವ ಒಳಗೆ ಮಂಡಿಗೆ ಮುಲಾಮು ತಿಕ್ಕುತ್ತಿದ್ದರು. ಮಕ್ಕಳ ಮೊದಲ ಸ್ವರ ಕೇಳಿ ಅಲ್ಲಿಂದಲೇ ಕೂಗಿದರು: "ಏನ್ ಚೆನ್ನಾಗಿದೆ ಕಣೇ! ನಾನೂ ಒಂದು ವೀಣೆ ತಗೊಂಡ್ಬುಡ್ಲಾ?"

"ಮೊದ್ಲು ಬಂದು ಚಾಪೆ ಮೇಲೆ ಕೂತ್ಕೊಳ್ಳಿ" ಎಂದಳು ಅಕ್ಕ.

ಅವರು ಬರಲಿಲ್ಲ. ಪಾಠ ಮುಂದುವರಿಯಿತು.