ಲೀಡ್ಸಿನಲ್ಲಿ ಕಟ್ಟಿದ ಅಫಜಲಪುರದ ಬಾಗಿಲು

ಬಂದ ಮೊದಲ ದಿನವೇ ಈ ಲೀಡ್ಸ್ ಊರಿನವರು ನನ್ನ ತಲೆಗೆ ಭಾರದ ಹೆಲ್ಮೆಟ್ಟೊಂದನ್ನು ಹಾಕಿ ಸಮುದ್ರದ ದಂಡೆಯಲ್ಲಿ ನಿಲ್ಲಿಸಿದರು. ಅಲೆಗಳು ಕಣ್ಣೆದುರಿಗೇ ಬಂದವು. ಉಪ್ಪಿನ ವಾಸನೆಯಿಲ್ಲ, ಕಾಲಿಗೆ ತೇವವಿಲ್ಲ, ಹಿಂದೆ ಪಿಟೀಲು ಮಾತ್ರ ಅಳುತ್ತಿತ್ತು. ಏನನ್ನಿಸಿತು ಎಂದು ನನ್ನ ಸಾಹೇಬ ಮಾರ್ಟಿನ್ ಕೇಳಿದ. ಕುತ್ತಿಗೆ ನೋಯುತ್ತಿದೆ ಎಂದೆ. ಮೂಗಿಗೆ ತುಪ್ಪ ಸವರುವವರನ್ನು ನಾವು ಕಂಡಿದ್ದೇವೆ. ಇವರು ಕಣ್ಣಿಗೇ ಸವರುತ್ತಾರೆ.

ಇದಕ್ಕೆ ವರ್ಚುಯಲ್ ರಿಯಾಲಿಟಿ ಎಂದು ಹೆಸರು. ಕಂಪ್ಯೂಟರಿನಲ್ಲಿ ಇಲ್ಲದ ಜಾಗ ಕಟ್ಟಿ, ಒಳಗೆ ಬಂದವರ ಮನಸ್ಸು ಕರಗಿಸುವುದೇ ನನ್ನ ನೌಕರಿ. ಮನಸ್ಸಿನ ಮಾತಾಡುವ ಈ ಊರಲ್ಲಿ ಪಕ್ಕದ ಕೋಣೆಯಾತ ವರ್ಷವಾದರೂ ನನ್ನ ಹೆಸರು ಕೇಳಿಲ್ಲ. ಬಸ್ ಡ್ರೈವರ್ ಮಾತ್ರ "ಲವ್" ಎಂದು ಕರೆಯುತ್ತಾನೆ. ಮೊದಲು ಗಾಬರಿಯಾದೆ; ಅದು ನಮ್ಮ "ಯಕ್ಕಾ" ಇದ್ದಹಾಗೆ, ಎಲ್ಲರಿಗೂ ಅನ್ನುವ ಮಾತಂತೆ. ಜೋಳದ ಹಿಟ್ಟು ಸಿಗದೆ ನಾನು ತಿನ್ನುವ ಬ್ರೆಡ್ಡಿಗೆ ರುಚಿಯೂ ಇಲ್ಲ, ನಾಚಿಕೆಯೂ ಇಲ್ಲ.

"ಮನೆ" ಎಂಬ ಜಾಗ ಕಟ್ಟು ಎಂದರು. ಪ್ರದರ್ಶನದ ದಿನ ನೋಡಿದವರ ಮನಸ್ಸು ಮಿಸುಕದಿದ್ದರೆ ನೌಕರಿಯಿಲ್ಲ ಎಂದೂ ಹೇಳಿದರು. ನಾನು ಅಫಜಲಪುರದ ನಮ್ಮ ಕಲ್ಲುಮನೆಯನ್ನೇ ಕಟ್ಟಿದೆ. ಅದರ ಬಾಗಿಲು ಎದೆಮಟ್ಟದ್ದು, ತಹಶೀಲ್ದಾರ ಬಂದರೂ ಬಗ್ಗಿಯೇ ಬರಬೇಕು. ಮಾರ್ಟಿನ್ ಮುಖ ಸಿಂಡರಿಸಿದ. ಬಾಗಿಲು ಎತ್ತರಿಸು, ಎತ್ತು ನಿಲ್ಲಿಸು, ಸೂರ್ಯಾಸ್ತ ಹಾಕು, ಜನ ಅಳಬೇಕು ಎಂದ. ಎತ್ತು ನಿಲ್ಲಿಸಿದೆ, ಸೂರ್ಯನನ್ನೂ ಮುಳುಗಿಸಿದೆ. ಬಾಗಿಲು ಮಾತ್ರ ಮುಟ್ಟಲಿಲ್ಲ.

ಪ್ರದರ್ಶನದ ದಿನ ಕೋಟು ತೊಟ್ಟ ದೊಡ್ಡವರು ಬಂದು ಹೆಲ್ಮೆಟ್ಟು ಹಾಕಿಕೊಂಡರು. ಎತ್ತನ್ನು ಯಾರೂ ತಿರುಗಿ ನೋಡಲಿಲ್ಲ. ಬಾಗಿಲ ಹತ್ತಿರ ಬಂದೊಡನೆ ಒಬ್ಬೊಬ್ಬರೂ ಖಾಲಿ ಕೋಣೆಯ ನಡುವೆ ಬೆನ್ನು ಬಗ್ಗಿಸಿದರು. ಒಬ್ಬ ಹೆಂಗಸು ದನಿ ತಗ್ಗಿಸಿ, "ಒಳಗೆ ಯಾರಾದರೂ ಇದ್ದೀರಾ?" ಎಂದು ಕೇಳಿದಳು. ನೌಕರಿ ಉಳಿಯಿತು. ಬಾಗಿಲು ತನ್ನದೇ ಯೋಚನೆ ಎಂದು ಮಾರ್ಟಿನ್ ಈಗ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ನಾನಂತೂ ಬಗ್ಗುತ್ತಿರಲಿಲ್ಲ. ಅಲ್ಲಿ ಏನೂ ಇಲ್ಲವೆಂದು ಗೊತ್ತಿದ್ದವಳು, ಕೆಲಸದ ಮೇಲೆ ದಿನವೂ ಸೆಟೆದುಕೊಂಡೇ ಅದನ್ನು ದಾಟುತ್ತಿದ್ದೆ. ಬಗ್ಗುವ ಪೆದ್ದರನ್ನು ಕಂಡು ನಗು ಬರುತ್ತಿತ್ತು.

ಈ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಬಸ್ಸಿಳಿದು ಸೀದಾ ಮನೆಗೆ ನಡೆದೆ. ಬಾಗಿಲ ಮೇಲಿನ ಕಲ್ಲು ಹಣೆಗೆ ಬಡಿದು ಕಣ್ಣು ಕತ್ತಲೆಯಾಯಿತು. ಅಣ್ಣನ ಹೆಂಡತಿ, ನಮ್ಮ ವೈನಿ, ಅರಿಶಿಣ ಹಿಡಿದು ಓಡಿಬಂದರು.

"ಯಾಕ್ಬೇ, ಹುಟ್ಟಿದ ಮನಿ ಬಾಗಲಾನ ಮರ್ತಿಯೇನು?"

"ಮರ್ತಿಲ್ರಿ ವೈನಿ. ದಿನಾ ಇದ ಬಾಗಲಾ ದಾಟ್ತೇನಿ."

ವೈನಿ ಅರಿಶಿಣ ಒತ್ತಿ, ಜ್ವರ ಬಂದಿದೆಯೋ ಎಂದು ಕುತ್ತಿಗೆ ಮುಟ್ಟಿ ನೋಡಿದರು. ನನಗೆ ಅಳು ಬಂತು.

ಲೀಡ್ಸಿಗೆ ಮರಳಿದ ಮೇಲೆ ಆ ಇಲ್ಲದ ಬಾಗಿಲಿಗೆ ನಾನೂ ಬಗ್ಗುತ್ತಿದ್ದೇನೆ. ಮಾರ್ಟಿನ್ ನಗುತ್ತಾನೆ. ನಗಲಿ. ಅವನ ಹಣೆಗೆ ಆ ಕಲ್ಲು ಬಡಿದಿಲ್ಲ.