ಲಿಫ್ಟ್ ಮೇಸ್ತ್ರಿಯ ಪಾಲು

ಕಂಪನಿಯ ಹಾಜರಿಯಲ್ಲಿ ಅವನಿಗೆ ಬೇರೆ ಹೆಸರಿತ್ತು. ಜನರ ಬಾಯಲ್ಲಿ ಮಾತ್ರ ಅವನು ಲಿಫ್ಟ್ ಮೇಸ್ತ್ರಿ. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ, ಮೋಟಾರು ಕೋಣೆ ಎಂಬ ಗೂಡೊಂದು ಇರುತ್ತದೆ. ಲಿಫ್ಟಿನ ಕನ್ನಡಿಯಲ್ಲಿ ಮುಖ ನೋಡಿಕೊಂಡು ಕ್ರಾಪು ಸರಿಮಾಡಿಕೊಳ್ಳುವ ಮಹನೀಯರಿಗೆ ಅಂಥದ್ದೊಂದು ಇದೆಯೆಂಬುದೇ ಗೊತ್ತಿರುವುದಿಲ್ಲ. ಮೇಸ್ತ್ರಿಯ ಅರ್ಧ ಆಯಸ್ಸು ಆ ಗೂಡಿನಲ್ಲಿ ಕಳೆಯಿತು, ಉಳಿದರ್ಧ ಕಟ್ಟಡದ ಬುಡದಲ್ಲಿ, ಲಿಫ್ಟಿನ ಕೆಳಗಿನ ಗುಂಡಿಯಲ್ಲಿ. ಕೈಗಂಟಿದ ಗ್ರೀಸು ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಮದುವೆಯ ಫೋಟೋದಲ್ಲೂ ಇವರ ಉಗುರು ಕಪ್ಪಗಿದೆ ನೋಡಿ ಎಂದು ಹೆಂಡತಿ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು.

ಹೆಂಡತಿ ಕನ್ನಡಕದ ಅಂಗಡಿಯೊಂದರಲ್ಲಿ ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸದವಳು. ಬಾಯಿ ಬಿಟ್ಟರೆ ಅರಳು ಹುರಿದ ಹಾಗೆ ಮಾತು. ಅವಳಿಗೆ ಒಬ್ಬನೇ ತಮ್ಮ. ತಾಯಿ ಸತ್ತಾಗ ಅವನಿನ್ನೂ ಚಡ್ಡಿ ಏರಿಸಿಕೊಳ್ಳಲು ಬಾರದ ಕೂಸು. ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಇವಳೇ. ಮದುವೆಯಾಗಿ ಬರುವಾಗ ಬಟ್ಟೆಯ ಪೆಟ್ಟಿಗೆಯ ಜೊತೆಗೆ ತಮ್ಮನನ್ನೂ ಕರೆದುಕೊಂಡೇ ಬಂದಳು. ಸದಾ ಏನಾದರೊಂದು ಹಾಡನ್ನು ಸಿಳ್ಳೆ ಹಾಕುತ್ತಿದ್ದುದರಿಂದ ಅವನಿಗೆ ಸಿಳ್ಳೆ ಎಂದೇ ಹೆಸರು ಬಿತ್ತು. ಓದು ತಲೆಗೆ ಹತ್ತಲಿಲ್ಲ. "ನಿಮ್ಮ ಜೊತೆ ಕೆಲಸಕ್ಕೆ ಸೇರಿಸ್ಕೊಳ್ರೀ, ನಿಮ್ಮ ಕಣ್ಣೆದುರಿಗಿದ್ರೆ ನನಗೆ ನಿಶ್ಚಿಂತೆ" ಎಂದು ಹೆಂಡತಿ ದುಂಬಾಲು ಬಿದ್ದಳು. ಮೇಸ್ತ್ರಿ ಸೇರಿಸಿಕೊಂಡ, ಕಸುಬು ಕಲಿಸಿದ. ನಾಲ್ಕೈದು ವರ್ಷದಲ್ಲಿ ಭಾವನಿಗಿಂತ ಭಾವಮೈದುನನೇ ಚುರುಕು ಎನ್ನುವಂತಾಯಿತು. ಹಾಗೆ ಯಾರಾದರೂ ಅಂದರೆ ಮೇಸ್ತ್ರಿ ಮೇಲೆ ಮೇಲೆ ಬೈಯುತ್ತಿದ್ದ, ಒಳಗೊಳಗೇ ಉಬ್ಬುತ್ತಿದ್ದ.

ಆ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಒಬ್ಬ ಗುಂಡಿಗೆ ಇಳಿಯುವ ಮೊದಲು ಇನ್ನೊಬ್ಬ ಮೇಲೆ ಮೋಟಾರು ಕೋಣೆಯಲ್ಲಿ ಮೇನ್ ಸ್ವಿಚ್ಚು ಇಳಿಸಬೇಕು. ಬರೀ ಇಳಿಸಿದರೆ ಸಾಲದು, ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಆಗ ಯಾವ ಪುಣ್ಯಾತ್ಮ ಬಂದು ಸ್ವಿಚ್ಚು ಎತ್ತಿದರೂ ಲಿಫ್ಟು ಅಲುಗುವುದಿಲ್ಲ. ಇದನ್ನು ಸಿಳ್ಳೆಗೆ ಕಲಿಸಿದವನೇ ಮೇಸ್ತ್ರಿ. ಸಿಳ್ಳೆ ಗುಂಡಿಗಿಳಿದ ಆ ದಿನ ಮೇಸ್ತ್ರಿಯೇ ಫ್ಯೂಸು ಕೀಳಲಿಲ್ಲ. ಗುಂಡಿಯಲ್ಲಿ ಚೂರು ಕೆಲಸ, ಆಮೇಲೆ ಓಡಿಸಿ ನೋಡಬೇಕು, ಕಿತ್ತು ಮತ್ತೆ ಹಾಕುವ ರಗಳೆ ಯಾಕೆ ಎಂದು ಸ್ವಿಚ್ಚು ಮಾತ್ರ ಇಳಿಸಿ, ಮೆಟ್ಟಿಲಿಳಿದು, ಹೊರಗೆ ನಿಲ್ಲಿಸಿದ್ದ ಗಾಡಿಯಿಂದ ಗ್ರೀಸು ತರಲು ಹೋದ. ಅಷ್ಟರಲ್ಲಿ ಮೇಲಿನ ಮನೆಯವರು ಲಿಫ್ಟಿಲ್ಲವೆಂದು ಕೂಗಾಡಿದರು. ಕಟ್ಟಡದ ಮ್ಯಾನೇಜರು ಚಾವಣಿ ಹತ್ತಿ, ಇಳಿದಿದ್ದ ಸ್ವಿಚ್ಚನ್ನು ಎತ್ತಿದ. ಕೆಳಗೆ ಯಾರೋ ಬಟನ್ ಒತ್ತಿದರು. ಗುಂಡಿಯೊಳಗಿಂದಲೇ ಲಿಫ್ಟು ನಿಲ್ಲಿಸುವ ಒಂದು ಸ್ವಿಚ್ಚು ಇರಬೇಕು, ಇತ್ತು, ಕೆಟ್ಟಿತ್ತು. ಬದಲಿಸಿ ಎಂದು ಮೇಸ್ತ್ರಿ ಕಂಪನಿಗೆ ಎಷ್ಟು ಸಲ ಹೇಳಿದ್ದನೋ! ಡಬ್ಬ ಹಿಡಿದು ಬರುತ್ತಿದ್ದವನಿಗೆ ಮೋಟಾರಿನ ಸದ್ದು ಕೇಳಿತು. ಡಬ್ಬ ಬಿಸಾಡಿ ಓಡಿದ. ಸಿಳ್ಳೆ ಉಳಿಯಲಿಲ್ಲ.

ಕಂಪನಿ ವಿಚಾರಣೆ ನಡೆಸಿತು. ಕಂಪನಿಯ ವಿಚಾರಣೆಯೆಂದರೆ ಗೊತ್ತಲ್ಲ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆಕಸ್ಮಿಕ ಎಂದು ಬರೆದು ಕೈತೊಳೆದುಕೊಂಡರು. ನೆಂಟರಿಷ್ಟರು ಬಂದು, ಆಯಸ್ಸು ಅಷ್ಟೇ ಇತ್ತು ಎಂದು ಹೇಳಿ ಹೋದರು. ಇಂಥ ಮಾತು ಹೇಳುವವರ ನಾಲಿಗೆಗೆ ಯಾಕೆ ಸುಸ್ತಾಗುವುದಿಲ್ಲವೋ ನಾನರಿಯೆ.

ಅಲ್ಲಿಂದಾಚೆ ಮೇಸ್ತ್ರಿಯ ಕೈ ಯಾವ ಸ್ವಿಚ್ಚನ್ನೂ ಮುಟ್ಟದಾಯಿತು. ಬೆರಳು ಹತ್ತಿರ ಹೋದರೆ ಸಾಕು, ಎದೆ ಡವಡವ ಹೊಡೆದುಕೊಂಡು ಮೈಯೆಲ್ಲ ಬೆವರುತ್ತಿತ್ತು. ಸಂಜೆ ಕೆಲಸದಿಂದ ಬಂದವನು ದೀಪ ಹಾಕದೆ ಕತ್ತಲಲ್ಲಿ ಕೂತಿರುತ್ತಿದ್ದ. ಹೆಂಡತಿ ಬಂದು ಹಾಕಬೇಕು. ಕಂಪನಿಯವರು ಅವನನ್ನು ಉಗ್ರಾಣಕ್ಕೆ ಹಾಕಿದರು. ಇಪ್ಪತ್ತು ವರ್ಷ ಲಿಫ್ಟು ರಿಪೇರಿ ಮಾಡಿದವನು ನಟ್ಟು ಬೋಲ್ಟು ಎಣಿಸಿಕೊಡುತ್ತ ಕೂತ.

ಅದಕ್ಕಿಂತ ದೊಡ್ಡ ಕತ್ತಲು ಮನೆಯೊಳಗಿತ್ತು. ಅರಳು ಹುರಿಯುವ ಬಾಯಿ ಮುಚ್ಚಿಹೋಗಿತ್ತು. ಹೆಂಡತಿ ಅವನಿಗೆ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟು ಹೇಳಿ ಒಳಗೆ ಹೋಗುತ್ತಿದ್ದಳು. ತಮ್ಮನ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಇಲ್ಲಿ ಕಳ್ಳ ಅಂದವರೇ ಯಾರೂ ಇರಲಿಲ್ಲ. ಮೇಸ್ತ್ರಿ ದಿನಾ ಹೆಗಲು ಮುಟ್ಟಿಕೊಳ್ಳುತ್ತಿದ್ದ. ತಟ್ಟೆ ಸ್ವಲ್ಪ ಸದ್ದು ಮಾಡಿದರೆ, ಕೊಲೆಗಾರ ಅಂದಳು ಎಂದುಕೊಳ್ಳುವನು. ಗೋಡೆಯ ಕಡೆ ತಿರುಗಿ ಮಲಗಿದರೆ, ನನ್ನ ಮುಖ ನೋಡಲು ಅವಳಿಗೆ ಹೇಸಿಗೆ ಎಂದುಕೊಳ್ಳುವನು. ಹೀಗೇ ಒಂದು ವರ್ಷ ಉರುಳಿತು. ಅಷ್ಟರಲ್ಲಿ ಕಂಪನಿಯವರು ದೂರದ ಇನ್ನೊಂದು ಊರಿನ ಉಗ್ರಾಣಕ್ಕೆ ಆಳು ಬೇಕು, ಹೋಗುತ್ತೀಯಾ ಎಂದು ಕೇಳಿದರು. ತಾನು ತೊಲಗಿದರೆ ಹೆಂಡತಿಗೆ ಉಸಿರಾಡಲಾದರೂ ಆದೀತು ಎಂದು ಮೇಸ್ತ್ರಿ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದ್ದ. ಹೋದರೆ ಮತ್ತೆ ಬರುವ ಹೋಗುವಿಕೆ ಅದಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಉಗ್ರಾಣದ ಮುಖ್ಯಸ್ಥ ವಯಸ್ಸಾದವನು, ಕಣ್ಣಿದ್ದವನು. "ಮೊದಲು ಆಸ್ಪತ್ರೇಲಿ ಆಪ್ತಸಮಾಲೋಚಕಿ ಅಂತ ಒಬ್ರಿದ್ದಾರೆ, ಹೋಗಿ ನೋಡು" ಅಂದ.

"ನನಗೇನು ತಲೆ ಕೆಟ್ಟಿದೆಯಾ ಸಾರ್?"

"ಕೆಟ್ಟಿದ್ರೆ ರಜ ಕೊಟ್ಟು ಮನೇಲಿ ಕೂರಿಸ್ತಿದ್ದೆ. ಕೆಟ್ಟಿಲ್ಲ ಅಂತಾನೇ ಕಳಿಸ್ತಿರೋದು."

ಮೂರನೆಯ ಮಹಡಿ. ಲಿಫ್ಟು ಇತ್ತು, ಮೇಸ್ತ್ರಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಹೋದ. ಬಾಗಿಲ ಮೇಲೆ ಅರಿವು-ವರ್ತನೆ ಚಿಕಿತ್ಸೆ ಎಂದು ಬರೆದಿತ್ತು. ಒಳಗೆ ಎರಡು ಕುರ್ಚಿ, ಒಂದು ಮೇಜು, ಕಿರುಗುಟ್ಟುವ ಫ್ಯಾನು. ತನ್ನ ಅರ್ಧ ವಯಸ್ಸಿನ ಹೆಣ್ಣುಮಗಳು. ಅವಳು ಎಷ್ಟು ಬೇಡವೆಂದರೂ ಇವನ ಬಾಯಲ್ಲಿ ಅವಳು ಡಾಕ್ಟರಮ್ಮನೇ ಆದಳು.

"ನಾನು ಡಾಕ್ಟರ್ ಅಲ್ಲ. ಮಾತ್ರೆ ಕೊಡಲ್ಲ, ಬುದ್ಧಿವಾದಾನೂ ಹೇಳಲ್ಲ" ಅಂದಳು.

"ಮತ್ತೇನು ಕೊಡ್ತೀರಿ?"

"ಹೋಮ್‌ವರ್ಕು."

ಮೇಸ್ತ್ರಿಗೆ ನಗು ಬರಬೇಕಿತ್ತು, ಬರಲಿಲ್ಲ. ಅವಳು ಬಿಡಿಸಿ ಹೇಳಿದಳು. "ಆಗಿದ್ದು ಒಂದು. ಅದರ ಬಗ್ಗೆ ನಮಗೆ ಬರೋ ಯೋಚನೆ ಇನ್ನೊಂದು. ಆ ಯೋಚನೆಗೆ ಎದೆ ಹೊಡ್ಕೊಳ್ಳುತ್ತೆ, ಎದೆ ಹೊಡ್ಕೊಂಡ್ರೆ ನಾವು ದೂರ ಓಡ್ತೀವಿ. ಓಡಿದಷ್ಟೂ ಯೋಚನೆ ಬಲಿಯುತ್ತೆ. ಆಗಿದ್ದನ್ನ ನಾನು ಬದಲಾಯಿಸೋಕಾಗಲ್ಲ. ಉಳಿದಿದ್ದನ್ನ ಇಬ್ಬರೂ ಸೇರಿ ಪರೀಕ್ಷೆ ಮಾಡಬಹುದು."

"ಅಂದ್ರೆ ಒಳ್ಳೇದನ್ನೇ ಯೋಚನೆ ಮಾಡು ಅಂತೀರಾ?"

"ಇಲ್ಲ. ನಿಜವಾ ಅಂತ ನೋಡಿ ಅಂತೀನಿ. ಯೋಚನೆ ಬಂತು ಅಂದ ಮಾತ್ರಕ್ಕೆ ನಿಜ ಅಲ್ಲ. ಸುಳ್ಳು ಅಂತಾನೂ ಅಲ್ಲ."

ಇದು ಮೇಸ್ತ್ರಿಗೆ ಹಿಡಿಸಿತು. ನಿಂತ ಲಿಫ್ಟಿನೆದುರು ಮೋಟಾರು ಸುಟ್ಟಿದೆ ಎಂದು ಬೊಬ್ಬೆ ಹಾಕುವವನು ಮೆಕ್ಯಾನಿಕ್ ಅಲ್ಲ. ಟೆಸ್ಟರು ಹಿಡಿದು ಒಂದು ತುದಿಯಿಂದ ನೋಡಿಕೊಂಡು ಬರುವವನು ಮೆಕ್ಯಾನಿಕ್.

ಮೊದಲ ಹೋಮ್‌ವರ್ಕು ಆ ಕೋಣೆಯ ಫ್ಯಾನಿನ ಸ್ವಿಚ್ಚು. ಬೆರಳಿಟ್ಟು ನಿಲ್ಲಬೇಕು, ತೆಗೆಯಬಾರದು. "ಹೆದರಿಕೆ ನೂರಕ್ಕೆ ಎಷ್ಟು?" ಎಂದಳು. "ನೂರಕ್ಕೆ ನೂರಿಪ್ಪತ್ತು" ಅಂದ. ನಿಂತ. ಬೆವರು ಕಾಲರಿಗೆ ಇಳಿಯಿತು. ಓಡಲಿಲ್ಲ. ಬಹಳ ಹೊತ್ತಿನ ಮೇಲೆ ಅದು ಎಂಬತ್ತಾಯಿತು, ಐವತ್ತಾಯಿತು. ಸ್ವಿಚ್ಚು ಒತ್ತಿದ, ಫ್ಯಾನು ನಿಂತಿತು, ಯಾರೂ ಸಾಯಲಿಲ್ಲ. ಮುಂದಿನ ವಾರಗಳಲ್ಲಿ ಮನೆಯ ದೀಪ, ಆಮೇಲೆ ಉಗ್ರಾಣದ ಮೇನ್ ಸ್ವಿಚ್ಚು. ಒಂದು ದಿನ ಆಸ್ಪತ್ರೆಯ ಲಿಫ್ಟಿನಲ್ಲೇ ಬಂದು, ಸುಣ್ಣದಂತೆ ಬಿಳಿಚಿಕೊಂಡ ಮುಖದಲ್ಲಿ, "ನಿಮ್ಮ ಲಿಫ್ಟಿನ ಬಾಗಿಲು ಉಜ್ತಾ ಇದೆ, ಯಾರಿಗಾದ್ರೂ ಹೇಳಿ" ಅಂದ. ಅವಳು ನಕ್ಕಳು. ಅಂದು ಮೇಸ್ತ್ರಿಯೂ ಸ್ವಲ್ಪ ನಕ್ಕ.

ಭಯ ಇಳಿದಷ್ಟು ಸಲೀಸಾಗಿ ತಪ್ಪಿನ ಭಾರ ಇಳಿಯಲಿಲ್ಲ. ನಾನೇ ಕೊಂದೆ ಎಂಬುದು ಅವನ ಒಂದೇ ಹಟ. ಅವಳು ಹಾಳೆಯ ಮೇಲೆ ಒಂದು ವೃತ್ತ ಬರೆದು, ಆದದ್ದಕ್ಕೆ ಯಾರ್‍ಯಾರ ಪಾಲು ಎಷ್ಟು, ಗೆರೆ ಹಾಕಿ, ನಿಮ್ಮ ಪಾಲು ಕೊನೆಗೆ ಎಂದಳು. ಮೇಸ್ತ್ರಿ ಮುನಿಸಿಕೊಂಡ. ಇನ್ನೊಬ್ಬರ ತಲೆಗೆ ಕಟ್ಟುವ ಆಟ ಅನಿಸಿತು. ಆದರೂ ಗೆರೆ ಎಳೆದ. ಕೆಟ್ಟ ಸ್ವಿಚ್ಚು ಬದಲಿಸದ ಕಂಪನಿಗೆ ದೊಡ್ಡ ತುಂಡು. ಕೇಳದೆ ಸ್ವಿಚ್ಚು ಎತ್ತಿದ ಮ್ಯಾನೇಜರಿಗೆ ಇನ್ನೊಂದು. ಬಟನ್ ಒತ್ತಿದವರಿಗೆ ಏನು ಗೊತ್ತು ಪಾಪ, ಅವರಿಗೆ ಬೇಡ ಅಂದ. ಕೊನೆಗೆ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಉಳಿಯಿತು.

"ಇದು ನಿಮ್ಮದು. ಇದನ್ನ ಇಲ್ಲ ಅನ್ನೋಕೆ ನನ್ನಿಂದ ಆಗಲ್ಲ. ಆದರೆ ಇಡೀ ವೃತ್ತ ನಿಮ್ಮದಲ್ಲ" ಅಂದಳು.

ಮೇಸ್ತ್ರಿ ಹಾಳೆಯನ್ನು ಅವಳ ಕಡೆಗೆ ಸರಿಸಿದ. "ನೀವು ಪಾಲು ಮಾಡಿಸಿದ್ರಿ ಡಾಕ್ಟರಮ್ಮ. ಪಾಲು ಮಾಡಬೇಕಾದವಳು ಮನೇಲಿದ್ದಾಳೆ. ಅವಳ ಲೆಕ್ಕದಲ್ಲಿ ಪೂರ್ತಿ ನಂದೇ."

"ಕೇಳಿದ್ದೀರಾ?"

"ಕೇಳಬೇಕಾ? ಕಾಣಲ್ವಾ?"

"ನೀವು ಹೇಳಿದ್ರಲ್ಲ, ತಟ್ಟೆ ಸದ್ದು, ಗೋಡೆ ಕಡೆ ತಿರುಗೋದು. ದುಃಖ ಇರೋರೂ ಹಾಗೇ ಮಾಡ್ತಾರಲ್ವಾ? ಕೇಳಿ ನೋಡಿ."

"ಹೌದು ಅಂದ್ರೆ?"

"ಅನ್ನಬಹುದು. ಇಲ್ಲ ಅಂತಾರೆ ಅಂತ ನಾನು ಮಾತು ಕೊಡಲ್ಲ. ಆದರೆ ನೀವು ಎರಡು ಯೋಚನೇನ ಒಂದೇ ಗಂಟಲ್ಲಿ ಕಟ್ಟಿದ್ದೀರಿ. ನಾನೇ ಕೊಂದೆ ಅಂತ ಅವರು ಅಂದ್ಕೊಂಡಿದ್ದಾರೆ ಅನ್ನೋದು ಒಂದು. ನಾನು ಹೋದ್ರೆ ಅವರಿಗೆ ಹಗುರ ಅನ್ನೋದು ಇನ್ನೊಂದು. ಒಂದು ನಿಜವಾದ್ರೆ ಇನ್ನೊಂದೂ ನಿಜ ಅಂತಲ್ಲ. ಎರಡನ್ನೂ ಕೇಳಿ."

ದೂರದ ಊರಿಗೆ ಹೋಗುವ ವಿಷಯಕ್ಕೆ ಸೋಮವಾರ ಕಂಪನಿಗೆ ಉತ್ತರ ಕೊಡಬೇಕು. ಭಾನುವಾರ ಮಧ್ಯಾಹ್ನ ಹೆಂಡತಿ ತಳ ಹತ್ತಿದ ಪಾತ್ರೆಯೊಂದನ್ನು ತಿಕ್ಕುತ್ತ ನಿಂತಿದ್ದಳು. ಮೇಸ್ತ್ರಿ ಅಡುಗೆಮನೆಯ ಬಾಗಿಲಿಗೆ ಬಂದ.

"ಒಂದು ಮಾತು ಕೇಳಬೇಕು."

"ಕೇಳಿ."

"ಅವನನ್ನ ನಾನೇ ಕೊಂದೆ ಅಂತ ನಿನ್ನ ಮನಸ್ಸಲ್ಲಿದೆಯಾ?"

ಅವಳು ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ.

"ಇದೆ" ಅಂದಳು. "ವಿಚಾರಣೆ ದಿನ ಬಾಗಿಲ ಹೊರಗೆ ಕೂತಿದ್ದೆ. ಫ್ಯೂಸ್ ಕೀಳದೆ ಬಂದೆ ಅಂತ ನೀವೇ ಹೇಳಿದ್ದು ಕೇಳಿಸ್ತು. ಅವತ್ತಿಂದ ಇದೆ. ನಿಮಗೆ ಬಡಿಸುವಾಗ್ಲೂ ಇರುತ್ತೆ."

ಮೇಸ್ತ್ರಿಯ ಪಾಲಿಗೆ ಮೂರನೆಯ ಮಹಡಿಯ ಮಾತೆಲ್ಲ ಗಾಳಿಗೆ ಹೋಯಿತು. ಮಾಡಿದ್ದುಣ್ಣೋ ಮಹಾರಾಯ, ಇದಕ್ಕೆ ಇಷ್ಟೆಲ್ಲ ಓದಿದವರು ಬೇಕಿತ್ತೇ ಎಂದುಕೊಂಡ. ಪೆಟ್ಟಿಗೆ ಮಂಚದ ಕೆಳಗಿದೆ, ಎಳೆದರೆ ಆಯಿತು. ಆದರೆ ಕಾಲು ಏಳಲಿಲ್ಲ. ಏಳದ್ದರಿಂದಲೇ ಎರಡನೆಯ ಮಾತು ನೆನಪಾಯಿತು.

"ಹಾಗಾದ್ರೆ ಕಂಪನಿಯವರು ಕೇಳ್ತಿರೋ ಆ ದೂರದ ಊರಿಗೆ ಹೋಗಿಬಿಡ್ಲಾ? ನಾನು ಕಣ್ಮುಂದೆ ಇಲ್ಲದಿದ್ರೆ ನಿನಗೆ ಹಗುರ ಆಗುತ್ತಾ?"

ಅವಳು ಈಗ ತಿರುಗಿದಳು. ಅಂಥ ಸಿಟ್ಟನ್ನು ಅವನು ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ.

"ಹೋಗ್ತೀರಾ? ಹೋಗಿ ನೋಡೋಣ! ಕೊನೇ ಗಳಿಗೇಲಿ ಅವನ ಹತ್ತಿರ ಇದ್ದವರು ನೀವೊಬ್ರೇ. ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಒಂದು ವರ್ಷದಿಂದ ಕಾಯ್ತಿದ್ದೀನಿ. ನಾನಾಗೇ ಕೇಳಿದ್ರೆ ನೀವು ಒಡೆದುಹೋಗ್ತೀರಿ ಅಂತ ಬಾಯಿ ಬಿಗಿಹಿಡ್ಕೊಂಡಿದ್ದೀನಿ. ಈಗ ಅದನ್ನೂ ಗಂಟು ಕಟ್ಕೊಂಡು ಹೋಗ್ತೀರಾ? ಸಿಟ್ಟಿದೆ ರೀ ನಿಮ್ಮ ಮೇಲೆ. ಸಾಯೋವರೆಗೂ ಇರುತ್ತೇನೋ. ಅದಕ್ಕೇ ಹೋಗಬೇಡಿ. ನೀವೂ ಹೋದ್ರೆ ಇದನ್ನ ಯಾರ ಮೇಲೆ ಹಾಕ್ಲಿ, ಅವನ ವಿಷಯ ಯಾರನ್ನ ಕೇಳ್ಲಿ?"

"ಏನು ಕೇಳ್ಬೇಕು ನಿನಗೆ?"

ಅವಳು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ದನಿ ಒಮ್ಮೆಲೇ ಇಳಿಯಿತು.

"ಅವನು ಕೂಗಿದ್ನಾ?"

ಏನೂ ಗೊತ್ತಾಗಲಿಲ್ಲ ಅವನಿಗೆ, ಒಂದೇ ಕ್ಷಣ ಎಂದು ಎಲ್ಲರೂ ಅವಳಿಗೆ ಹೇಳಿದ್ದರು. ಮೇಸ್ತ್ರಿಯೂ ತಲೆಯಾಡಿಸಿದ್ದ. ಈಗಲೂ ಹಾಗೆಯೇ ತಲೆಯಾಡಿಸಬಹುದಿತ್ತು.

"ಕೂಗಿದ" ಅಂದ.

"ಏನಂತ?"

"ಭಾವಾ ಅಂತ. ಎರಡು ಸಲ. ನಾನು ಬಾಗಿಲ ಹತ್ತಿರ ಬಂದಿದ್ದೆ. ಕೈಗೆ ಸಿಗಲಿಲ್ಲ."

ಅವಳು ಅವನ ಎದೆಗೆ ಗುದ್ದಿದಳು. ಮತ್ತೆ ಗುದ್ದಿದಳು. ಅವನು ತಡೆಯಲಿಲ್ಲ. ಕೈ ಸೋತ ಮೇಲೆ ಅಲ್ಲೇ ಕುಸಿದು, ತಮ್ಮ ಸತ್ತ ದಿನವೂ ಗಂಡನೆದುರು ಅಳದಿದ್ದವಳು ದನಿಯೆತ್ತಿ ಅತ್ತಳು. ಮೇಸ್ತ್ರಿ ಎದುರಿಗೆ ನೆಲದ ಮೇಲೆ ಕೂತ. ಅವನ ಕಣ್ಣಲ್ಲೂ ನೀರು ಇಳಿಯುತ್ತಿತ್ತು.

ಬಹಳ ಹೊತ್ತಾದ ಮೇಲೆ ಅವಳು ಮುಖ ಒರೆಸಿಕೊಂಡಳು.

"ಮೊದಲಿಂದ ಹೇಳಿ. ಬೆಳಿಗ್ಗೆ ಇಬ್ರೂ ಮನೆ ಬಿಟ್ರಲ್ಲ, ಅಲ್ಲಿಂದ. ಒಂದೂ ಬಿಡಬೇಡಿ."

"ಗಾಡಿ ಸ್ಟಾರ್ಟ್ ಆಗ್ಲಿಲ್ಲ" ಎಂದು ಮೇಸ್ತ್ರಿ ಶುರುಮಾಡಿದ. "ಅವನು ಹಿಂದಿನಿಂದ ನೂಕ್ತಾ, ನನ್ನನ್ನ ಬೈತಾ ಇದ್ದ."